ಪಾರ್ಕಿಂಗ್ ಜಾಗದಲ್ಲಿ ಸಿಕ್ಕ ಅಸ್ಥಿ ಮೂರನೆಯ ರಿಚರ್ಡ್‌ನದೇ ಎಂದು ನಂಬುವುದು ಹೇಗೆ?

ಪ್ರಶ್ನೆ: ನನ್ನ ಮಗಳು ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಓದುತ್ತಿದ್ದಾಳೆ. ಅವಳನ್ನು ನೋಡಲು ಹೋದಾಗ ಅಲ್ಲಿನ ಕೆಥೆಡ್ರಲ್‌ನಲ್ಲಿರುವ ಮೂರನೆಯ ರಿಚರ್ಡ್ ದೊರೆಯ ಸಮಾಧಿಯನ್ನೂ, ಅವನ ಅಸ್ಥಿ ಸಿಕ್ಕಿತೆನ್ನುವ ಜಾಗದ ಪ್ರದರ್ಶನ ಕೇಂದ್ರವನ್ನೂ ನೋಡಿ ಬಂದೆವು. ಐದು ಶತಮಾನ ಕಾಣೆಯಾಗಿದ್ದ ದೊರೆ ಅಗೆಯಲು ತೊಡಗಿದ ಮೊದಲ ದಿನವೇ ಸಿಕ್ಕಿಬಿಟ್ಟ ಎಂಬುದು ನನಗೆ ನಂಬಲಾಗಲಿಲ್ಲ. ಊರಿಗೆ ಬಂದು ಓದಿದಾಗ, ಗಂಡು ಸಂತತಿಯ ಡಿಎನ್‌ಎ ಹೊಂದಿಕೆಯಾಗಲೇ ಇಲ್ಲವೆಂದೂ ಕಾಲನಿರ್ಣಯದ ಪರೀಕ್ಷೆ ಮೊದಲು ಬೇರೆಯೇ ಕಾಲವನ್ನು ತೋರಿಸಿತ್ತೆಂದೂ ತಿಳಿಯಿತು. ಇದೆಲ್ಲ ಪ್ರವಾಸಿಗರನ್ನು ಸೆಳೆಯಲು ಕಟ್ಟಿದ ಕಥೆಯೇ? ಕೇಳಲು ನನಗೆ ಸ್ವಂತ ಕಾರಣವೂ ಇದೆ. ನಮ್ಮದು ಮಲೆನಾಡಿನ ವೀರಶೈವ ಮನೆತನ. ಪಾಳೆಯಗಾರರ ಕಾಲದ ನಮ್ಮ ಮೂಲಪುರುಷರ ಗದ್ದುಗೆ ನಮ್ಮ ಊರಿನಲ್ಲಿದೆ ಎಂದು ನಾವೂ, ತಮ್ಮ ಊರಿನಲ್ಲಿದೆ ಎಂದು ದಾಯಾದಿಗಳೂ ತಲೆಮಾರುಗಳಿಂದ ಹೇಳುತ್ತ ಬಂದಿದ್ದೇವೆ. ಎರಡನ್ನೂ ತೆರೆಸಿ ಡಿಎನ್‌ಎ ಪರೀಕ್ಷೆ ಮಾಡಿಸೋಣ ಎಂದು ಮನೆಯ ಹುಡುಗರು ಪಟ್ಟು ಹಿಡಿದಿದ್ದಾರೆ. ಮಾಡಿಸಬಹುದೇ?
— ಶಿವಮೊಗ್ಗ ಜಿಲ್ಲೆಯ ಓದುಗರು

ಉತ್ತರ: ಮೇಲ್ನೋಟಕ್ಕೆ ಎರಡಾಗಿ ಕಂಡರೂ ನಿಮ್ಮ ಪ್ರಶ್ನೆ ಮೂಲದಲ್ಲಿ ಒಂದೇ. ಹೆಸರಿಲ್ಲದ ಎಲುಬಿಗೆ ಒಬ್ಬ ನಿರ್ದಿಷ್ಟ ವ್ಯಕ್ತಿಯ ಹೆಸರನ್ನು ಕೊಡಬೇಕಾದರೆ ಎಷ್ಟು ಸಾಕ್ಷ್ಯ ಬೇಕು, ಎಂಥ ಸಾಕ್ಷ್ಯ ಬೇಕು ಎಂಬುದು ಆ ಪ್ರಶ್ನೆ. ಲೆಸ್ಟರ್ ಬಗ್ಗೆ ನೀವು ಎತ್ತಿರುವ ಮೂರು ಸಂಗತಿಗಳಲ್ಲಿ ಯಾವುದೂ ಸುಳ್ಳಲ್ಲ. ಎಲುಬು ಮೊದಲ ದಿನವೇ ಕಾಣಿಸಿಕೊಂಡಿತು, ಗಂಡು ಸಂತತಿಯ ಡಿಎನ್‌ಎ ಹೊಂದಲಿಲ್ಲ, ಎಲುಬಿನಲ್ಲಿರುವ ಇಂಗಾಲವನ್ನು ಅಳೆದು ಕಾಲ ಹೇಳುವ ರೇಡಿಯೋಕಾರ್ಬನ್ ಪರೀಕ್ಷೆಯ ಮೊದಲ ಉತ್ತರ ರಿಚರ್ಡ್ ಸತ್ತ ವರ್ಷಕ್ಕಿಂತ ಹಿಂದಕ್ಕೆ ಹೋಗಿತ್ತು. ಇಷ್ಟಾದರೂ ಆ ಅಸ್ಥಿ ಅವನದೇ ಎಂಬ ತೀರ್ಮಾನ ಗಟ್ಟಿಯಾಗಿದೆ ಎಂದು ನಾನು ತಿಳಿದಿದ್ದೇನೆ. ಡಿಎನ್‌ಎ ಒಂದನ್ನೇ ನೆಚ್ಚಿಕೊಳ್ಳದೆ, ಒಂದಕ್ಕೊಂದು ಸಂಬಂಧವಿಲ್ಲದ ಹಲವು ಸಾಕ್ಷ್ಯಗಳನ್ನು ಒಟ್ಟಿಗೆ ತೂಗಿ ಅದನ್ನು ಮಾಡಿರುವುದೇ ಅದರ ಬಲ. ಗದ್ದುಗೆ ತೆರೆಸಲು ಹೊರಟಿರುವ ನಿಮ್ಮ ಹುಡುಗರು ಮುಖ್ಯವಾಗಿ ಗಮನಿಸಬೇಕಾದದ್ದೂ ಇದನ್ನೇ.

ಐದು ಶತಮಾನ ಕಾಣೆಯಾಗಿದ್ದ ಎಂಬ ಮಾತಿನಿಂದಲೇ ಆರಂಭಿಸೋಣ, ಏಕೆಂದರೆ ಅದು ಅರ್ಧ ಮಾತ್ರ ಸರಿ. 1485ರ ಆಗಸ್ಟ್ 22ರಂದು ಬಾಸ್‌ವರ್ತ್ ಕಾಳಗದಲ್ಲಿ ಹೆನ್ರಿ ಟ್ಯೂಡರ್‌ನ ಪಡೆಗೆ ಸಿಕ್ಕಿ ರಿಚರ್ಡ್ ಸತ್ತಾಗ ಅವನಿಗೆ 32 ವರ್ಷ. ಬಟ್ಟೆ ಕಳಚಿದ ಶವವನ್ನು ಕುದುರೆಯ ಮೇಲೆ ಅಡ್ಡಹಾಕಿಕೊಂಡು ಲೆಸ್ಟರ್‌ಗೆ ತಂದು, ದೊರೆ ಸತ್ತದ್ದು ಎಲ್ಲರಿಗೂ ಖಚಿತವಾಗಲೆಂದು ಜನರ ಕಣ್ಣಿಗೆ ಬೀಳುವಂತೆ ಇಟ್ಟು, ಆಮೇಲೆ ಗ್ರೇಫ್ರಯರ್ಸ್ ಎಂಬ ಫ್ರಾನ್ಸಿಸ್ಕನ್ ಸನ್ಯಾಸಿಗಳ ಮಠದಲ್ಲಿ ಹೂಳಿದರು. ಆ ಕಾಲದವನೇ ಆದ ಜಾನ್ ರೌಸ್ ಎಂಬ ಲೇಖಕ ಮಠದ ಚರ್ಚಿನ ಕ್ವಾಯರ್‌ನಲ್ಲಿ, ಅಂದರೆ ಸನ್ಯಾಸಿಗಳು ಕುಳಿತು ಪ್ರಾರ್ಥನೆ ಹಾಡುವ ಪೂರ್ವದ ಭಾಗದಲ್ಲಿ, ಹೂಳಿದರೆಂದು ಬರೆದಿಟ್ಟಿದ್ದಾನೆ. 1538ರಲ್ಲಿ ಎಂಟನೆಯ ಹೆನ್ರಿಯ ಆಜ್ಞೆಯಂತೆ ಇಂಗ್ಲೆಂಡಿನ ಮಠಗಳನ್ನು ಮುಚ್ಚಿಸುತ್ತಿದ್ದಾಗ ಇದೂ ಮುಚ್ಚಿ, ಕಟ್ಟಡಗಳು ನೆಲಸಮವಾದವು. ಆ ನೆಲವನ್ನು ಕೊಂಡು ಮನೆ ಮತ್ತು ತೋಟ ಮಾಡಿಕೊಂಡ ರಾಬರ್ಟ್ ಹೆರಿಕ್ ಎಂಬವನ ತೋಟದಲ್ಲಿ, ಇಲ್ಲಿ ಮೂರನೆಯ ರಿಚರ್ಡ್‌ನ ದೇಹವಿದೆ ಎಂದು ಬರೆದಿದ್ದ ಮೂರಡಿಯ ಕಲ್ಲುಕಂಬವೊಂದನ್ನು 1612ರಲ್ಲಿ ಕ್ರಿಸ್ಟೋಫರ್ ರೆನ್ ಎಂಬ ಪಾದ್ರಿ, ಅದೇ ಹೆಸರಿನ ಪ್ರಸಿದ್ಧ ವಾಸ್ತುಶಿಲ್ಪಿಯ ತಂದೆ, ಕಂಡಿದ್ದರು. ಹಾಗಾಗಿ ಸಮಾಧಿಯಾಗಿ ಒಂದೂಕಾಲು ಶತಮಾನ ಕಳೆದಾಗಲೂ ಜಾಗ ಊರಿನವರ ನೆನಪಿನಲ್ಲಿತ್ತು.

ಅದನ್ನು ಮರೆಸಿದ್ದು ಒಂದು ಕಟ್ಟುಕಥೆ. ಮಠ ಕೆಡವಿದಾಗ ಜನ ರಿಚರ್ಡ್‌ನ ಎಲುಬುಗಳನ್ನು ಎತ್ತಿಕೊಂಡು ಹೋಗಿ ಸೋರ್ ನದಿಯ ಬೋ ಸೇತುವೆಯ ತುದಿಯ ಕೆಳಗೆ ಹಾಕಿದರು ಎಂದು ಜಾನ್ ಸ್ಪೀಡ್ ಎಂಬ ಇತಿಹಾಸಕಾರ 1611ರಲ್ಲಿ ಅಚ್ಚು ಹಾಕಿಸಿದ. ಅವನು ಸಮಾಧಿಯನ್ನು ಹುಡುಕಿದ್ದು ಗ್ರೇಫ್ರಯರ್ಸ್‌ನಲ್ಲಿ ಅಲ್ಲ, ಅದೇ ಊರಿನ ಬ್ಲ್ಯಾಕ್‌ಫ್ರಯರ್ಸ್ ಎಂಬ ಬೇರೊಂದು ಮಠದ ಜಾಗದಲ್ಲಿ. ಅಲ್ಲಿ ಏನೂ ಕಾಣದೆ ಹೋದದ್ದರಿಂದ ಊರಿನವರು ಆಡಿಕೊಳ್ಳುತ್ತಿದ್ದ ಕಥೆಯನ್ನು ನಂಬಿದನೆಂದು ಈಚಿನ ಸಂಶೋಧಕರು ಹೇಳುತ್ತಾರೆ. ಅಚ್ಚಾದ ಕಥೆಗೆ ಆಯುಸ್ಸು ಹೆಚ್ಚು. 1856ರಲ್ಲಿ ಆ ಸೇತುವೆಯ ಹತ್ತಿರ ಒಬ್ಬ ಗುತ್ತಿಗೆದಾರ ಸ್ಮಾರಕ ಫಲಕವನ್ನೇ ಹಾಕಿಸಿದ. 1862ರಲ್ಲಿ ಅಲ್ಲೇ ನದಿಯ ಬಳಿ ಒಂದು ಅಸ್ಥಿಪಂಜರ ಸಿಕ್ಕಾಗ ದೊರೆಯೇ ಸಿಕ್ಕಿದನೆಂದು ಕೆಲವರು ನಂಬಿದರು. ಈ ಕಥೆಯನ್ನು ಒಪ್ಪದ ಕೆಲವರು 1970 ಮತ್ತು 80ರ ದಶಕಗಳಲ್ಲೇ ಗ್ರೇಫ್ರಯರ್ಸ್ ಬೀದಿಯ ಸುತ್ತಲ ನೆಲದತ್ತ ಬೆರಳು ತೋರಿಸಿದ್ದರು. 2012ರ ಉತ್ಖನನ ಅವರ ಹೆಗಲ ಮೇಲೆ ನಿಂತಿತ್ತು. ಅದಕ್ಕಾಗಿ ವರ್ಷಗಟ್ಟಲೆ ಬೆನ್ನುಹತ್ತಿ ಹಣ ಕೂಡಿಸಿದವರು ಫಿಲಿಪಾ ಲ್ಯಾಂಗ್ಲಿ, ಹಳೆಯ ದಾಖಲೆಗಳನ್ನು ಜಾಲಾಡಿದವರಲ್ಲಿ ಜಾನ್ ಆ್ಯಷ್‌ಡೌನ್-ಹಿಲ್ ಮುಖ್ಯರು, ಅಗೆದದ್ದು ರಿಚರ್ಡ್ ಬಕ್ಲಿ ಮುಂದಾಳತ್ವದ ಲೆಸ್ಟರ್ ವಿಶ್ವವಿದ್ಯಾಲಯದ ಪುರಾತತ್ವ ತಂಡ. ಕಾರು ನಿಲ್ಲಿಸುವ ಆ ಜಾಗದ ನೆಲದ ಮೇಲೆ ‘ಆರ್’ ಅಕ್ಷರ ಬರೆದಿತ್ತು, ಅಲ್ಲಿ ನಿಂತಾಗ ಲ್ಯಾಂಗ್ಲಿಯವರ ಮೈ ಜುಮ್ಮೆಂದಿತು ಎಂಬ ಮಾತು ಪತ್ರಿಕೆಗಳಿಗೆ ಬಹಳ ಇಷ್ಟವಾಯಿತು; ಸಾಕ್ಷ್ಯದ ಲೆಕ್ಕಕ್ಕೆ ಅದು ಬರುವುದಿಲ್ಲ.

ಇನ್ನು ಮೊದಲ ದಿನದ ವಿಷಯ. 2012ರ ಆಗಸ್ಟ್ 25ರಂದು ನಗರ ಆಡಳಿತದ ಸಮಾಜಸೇವಾ ಕಚೇರಿಯ ಪಾರ್ಕಿಂಗ್ ಜಾಗದಲ್ಲಿ ಉದ್ದನೆಯ ಮೊದಲ ಕಂದಕ ತೋಡುತ್ತಿದ್ದಾಗ ಎರಡು ಕಾಲುಗಳ ಎಲುಬು ಕಾಣಿಸಿತು. ಆದರೆ ಅದು ಸಿಕ್ಕ ಘಳಿಗೆಯಲ್ಲಿ ಯಾರೂ ದೊರೆ ಸಿಕ್ಕನೆಂದು ಕುಣಿಯಲಿಲ್ಲ, ಕುಣಿಯುವಂತೆಯೂ ಇರಲಿಲ್ಲ. ಮಠವೆಂದಮೇಲೆ ಸಮಾಧಿಗಳು ಹತ್ತಾರು ಇರುತ್ತವೆ. ಕಾಲೆಲುಬು ಯಾವ ಸನ್ಯಾಸಿಯದೂ ಆಗಬಹುದು, ದಾನ ಕೊಟ್ಟ ಯಾವ ಶ್ರೀಮಂತನದೂ ಆಗಬಹುದು. ಅದನ್ನು ಮುಚ್ಚಿಟ್ಟು, ಮುಂದಿನ ದಿನಗಳಲ್ಲಿ ಉಳಿದ ಕಂದಕಗಳಲ್ಲಿ ಗೋಡೆಗಳ ತಳಪಾಯ, ನೆಲಹಾಸು, ಸನ್ಯಾಸಿಗಳ ಸಭಾಕೋಣೆ ಇವೆಲ್ಲವನ್ನೂ ಗುರುತಿಸಿ ಮಠದ ನಕ್ಷೆ ಸ್ಪಷ್ಟವಾದಮೇಲೆ, ಆ ಕಾಲುಗಳಿರುವುದು ಚರ್ಚಿನ ಕ್ವಾಯರ್‌ನಲ್ಲೇ ಎಂದು ತಿಳಿಯಿತು. ಆಗ, ಸೆಪ್ಟೆಂಬರ್ ಮೊದಲ ವಾರದಲ್ಲಿ, ಉಳಿದ ದೇಹವನ್ನು ಬಿಡಿಸಿದರು. ಮೊದಲ ದಿನವೇ ಗೆರೆ ಅಲ್ಲಿ ಬಿದ್ದದ್ದು ಅದೃಷ್ಟವೇ ಸರಿ, ಆದರೆ ಅದೃಷ್ಟ ಅಲ್ಲಿಗೇ ಮುಗಿಯಿತು. ಇನ್ನೊಂದು ಮಾತನ್ನೂ ಹೇಳಬೇಕು: ವಿಕ್ಟೋರಿಯಾ ಕಾಲದಲ್ಲಿ ಅಲ್ಲಿ ಕಟ್ಟಿದ ಒಂದು ಹೊರಮನೆಯ ತಳಪಾಯ ಸಮಾಧಿಯ ತೀರ ಪಕ್ಕದಲ್ಲೇ ಹಾದುಹೋಗಿತ್ತು. ಪಾದಗಳೆರಡೂ ಇಲ್ಲವಾದದ್ದು ಆಗಲೇ ಇರಬೇಕು. ಆ ತಳಪಾಯ ಇನ್ನಷ್ಟು ಆಚೆ ಹೋಗಿದ್ದರೆ ಈ ಚರ್ಚೆಯೇ ಇರುತ್ತಿರಲಿಲ್ಲ.

ಎಲುಬು ಸ್ವತಃ ಹೇಳಿದ್ದನ್ನು ನಾನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಏಕೆಂದರೆ ನನ್ನ ಕೆಲಸ ಇರುವುದೂ ಅಗೆತದಲ್ಲಿ ಬಂದ ಎಲುಬುಗಳೊಂದಿಗೆ. ಡಿಎನ್‌ಎಯ ಸದ್ದಿನಲ್ಲಿ ಜನ ಮರೆಯುವುದೂ ಈ ಭಾಗವನ್ನೇ. ಅಸ್ಥಿತಜ್ಞೆ ಜೋ ಆ್ಯಪಲ್‌ಬಿ ಬಿಡಿಸಿದ ಆ ದೇಹಕ್ಕೆ ಶವಪೆಟ್ಟಿಗೆ ಇರಲಿಲ್ಲ. ಅದೇ ಮಠದ ಬೇರೆ ಸಮಾಧಿಗಳ ಗುಂಡಿಗಳು ಅಚ್ಚುಕಟ್ಟಾಗಿದ್ದರೆ ಇದರದು ಅವಸರದಲ್ಲಿ ತೋಡಿದ, ದೇಹಕ್ಕಿಂತ ಮೋಟಾದ ಗುಂಡಿ. ಹಾಗಾಗಿ ತಲೆ ಗುಂಡಿಯ ಅಂಚಿಗೆ ಒರಗಿ ಎತ್ತಿಕೊಂಡಿತ್ತು. ಕೈಗಳು ಮಣಿಕಟ್ಟಿನಲ್ಲಿ ಒಂದರ ಮೇಲೊಂದಾಗಿ ಸೇರಿದ್ದವು, ಬಹುಶಃ ಕಟ್ಟಿದ್ದಿರಬಹುದು. ದೇಹ ಗಂಡಸಿನದು, ವಯಸ್ಸು ಮೂವತ್ತರ ಆಸುಪಾಸಿನದು. ತಲೆಬುರುಡೆಯಲ್ಲಿ ಒಂಬತ್ತು, ಪಕ್ಕೆಲುಬು ಮತ್ತು ಸೊಂಟದೆಲುಬಿನಲ್ಲಿ ಒಂದೊಂದು, ಹೀಗೆ ಸಾವಿನ ಹೊತ್ತಿನ 11 ಗಾಯಗಳಿದ್ದವು. ಬುರುಡೆಯ ತಳಭಾಗಕ್ಕೆ ಹಿಂದಿನಿಂದ ಬಿದ್ದ ಎರಡು ದೊಡ್ಡ ಏಟುಗಳಲ್ಲಿ ಯಾವುದಾದರೂ ಒಂದೇ ಜೀವ ತೆಗೆಯಲು ಸಾಕಾಗಿತ್ತು. ತೋಳು, ಕೈಗಳಲ್ಲಿ ತಡೆಯಲು ಹೋಗಿ ಪಡೆದ ಗಾಯಗಳಿಲ್ಲ. ಅಂದರೆ ಮೈಮೇಲೆ ಕವಚ ಇನ್ನೂ ಇತ್ತು, ತಲೆಯ ಮೇಲಿನ ಶಿರಸ್ತ್ರಾಣ ಹೋಗಿತ್ತು. ಸೊಂಟದೆಲುಬಿನ ಗಾಯ ಮಾತ್ರ ಕವಚ ತೊಟ್ಟವನಿಗೆ ಆಗಲಾರದ ಜಾಗದಲ್ಲಿ, ಹಿಂಭಾಗದಿಂದ ಚುಚ್ಚಿದ್ದು. ಸತ್ತವನ ಕವಚ ಬಿಚ್ಚಿ ಕುದುರೆಯ ಮೇಲೆ ಅಡ್ಡಹಾಕಿ ಒಯ್ಯುವಾಗ ಯಾರೋ ಅವಮಾನಿಸಲೆಂದು ಚುಚ್ಚಿದ್ದಾರೆಂದು ಊಹಿಸಿದರೆ ಅದು ಹಳೆಯ ಬರಹಗಳ ವರ್ಣನೆಗೆ ಸರಿಯಾಗಿ ಕೂಡುತ್ತದೆ.

ಬೆನ್ನಿನ ವಿಷಯಕ್ಕೆ ಬಂದರೆ ಕಥೆಯೂ ಸಂಗತಿಯೂ ಬೇರೆಯಾಗುತ್ತವೆ. ಶೇಕ್ಸ್‌ಪಿಯರ್‌ನ ನಾಟಕದ ರಿಚರ್ಡ್ ಗೂನುಬೆನ್ನಿನವನು, ಒಂದು ಕೈ ಒಣಗಿ ಸೊರಗಿದವನು, ಮನಸ್ಸಿನಂತೆಯೇ ಮೈಯೂ ಸೊಟ್ಟಗಾದವನು. ಟ್ಯೂಡರ್ ಅರಸರ ಕಾಲದಲ್ಲಿ ಹೀಗೆ ಬರೆದದ್ದರಿಂದ, ಇದೆಲ್ಲ ಗೆದ್ದವರು ಸೋತವನ ಮುಖಕ್ಕೆ ಬಳಿದ ಮಸಿ ಎಂದು ರಿಚರ್ಡ್‌ನ ಅಭಿಮಾನಿಗಳು ಬಹುಕಾಲ ವಾದಿಸುತ್ತಿದ್ದರು, ಅವನ ಬೆನ್ನು ನೆಟ್ಟಗಿತ್ತೆಂದೇ ನಂಬಿದ್ದರು. ಅಸ್ಥಿ ಇಬ್ಬರನ್ನೂ ಪೂರ್ತಿ ಒಪ್ಪಲಿಲ್ಲ. ಬೆನ್ನುಮೂಳೆ ಬಲಗಡೆಗೆ 70ರಿಂದ 90 ಡಿಗ್ರಿಯಷ್ಟು ತಿರುಚಿ ಬಾಗಿತ್ತು. ವೈದ್ಯರು ಸ್ಕೋಲಿಯೋಸಿಸ್ ಎನ್ನುವ, ಹುಟ್ಟಿನಿಂದ ಬರದೆ ಹತ್ತು ವರ್ಷ ದಾಟಿದಮೇಲೆ ಬೆಳೆಯುವ ಬಾಗು ಅದು. ಬೆನ್ನು ಮುಂದಕ್ಕೆ ಮಡಿಸಿಕೊಂಡ ಗೂನು ಇರಲಿಲ್ಲ, ಸೊರಗಿದ ಕೈ ಇರಲೇ ಇಲ್ಲ. ಬೆನ್ನು ನೆಟ್ಟಗಿದ್ದಿದ್ದರೆ ಸುಮಾರು ಐದಡಿ ಎಂಟಂಗುಲ ಎತ್ತರವಿರುತ್ತಿದ್ದವನು ಕೆಲವು ಅಂಗುಲ ಗಿಡ್ಡವಾಗಿ, ಬಲಭುಜ ತುಸು ಮೇಲೆದ್ದು ಕಾಣುತ್ತಿದ್ದನು. ಚೆನ್ನಾಗಿ ಹೊಲಿದ ಉಡುಪಿನಲ್ಲಿ ಅದನ್ನು ಮರೆಮಾಡಬಹುದಿತ್ತು, ಕುದುರೆಯ ಮೇಲೆ ಕೂತು ಕಾದಾಡಲೂ ಅಡ್ಡಿಯಿರಲಿಲ್ಲ. ಜಾನ್ ರೌಸ್ ಬರೆದದ್ದೂ ಇಷ್ಟೇ: ಭುಜಗಳು ಸಮವಿರಲಿಲ್ಲ, ಬಲಗಡೆಯದು ಮೇಲಿತ್ತು. ಐನೂರು ವರ್ಷ ಹಿಂದಿನ ಒಂದು ವಾಕ್ಯಕ್ಕೆ ಇಷ್ಟು ನಿಖರವಾದ ಎಲುಬಿನ ಸಾಕ್ಷ್ಯ ಸಿಗುವುದು ನಮ್ಮ ವೃತ್ತಿಯಲ್ಲಿ ಅಪರೂಪ. ಬುರುಡೆಯ ಮೇಲೆ ಮುಖ ಕಟ್ಟಿ ತೋರಿಸಿದ ಪ್ರತಿಮೆಯನ್ನು ನೀವು ನೋಡಿರಬಹುದು. ನೋಡಲು ಚೆನ್ನ, ಆದರೆ ಗುರುತಿಸುವ ಕೆಲಸದಲ್ಲಿ ನಾನದಕ್ಕೆ ಯಾವ ತೂಕವನ್ನೂ ಕೊಡುವುದಿಲ್ಲ.

ಕಾಲನಿರ್ಣಯದ ಬಗ್ಗೆ ನಿಮಗಿರುವ ಅನುಮಾನಕ್ಕೆ ಉತ್ತರ ಅವನ ಊಟದಲ್ಲಿದೆ. ಪಕ್ಕೆಲುಬಿನ ಮಾದರಿಗಳನ್ನು ಆಕ್ಸ್‌ಫರ್ಡ್ ಮತ್ತು ಗ್ಲಾಸ್ಗೊದ ಪ್ರಯೋಗಾಲಯಗಳಲ್ಲಿ ಪರೀಕ್ಷಿಸಿದಾಗ ಮೊದಲು ಬಂದ ಕಾಲ ಹದಿನೈದನೆಯ ಶತಮಾನದ ನಡುಭಾಗಕ್ಕೆ, 1460ರ ಒಳಗೆ, ಸೇರುತ್ತಿತ್ತು. ಆದರೆ ಸಮುದ್ರದ ನೀರಿನಲ್ಲಿರುವ ಇಂಗಾಲ ಗಾಳಿಯಲ್ಲಿರುವುದಕ್ಕಿಂತ ಹಳೆಯದು; ಕಡಲಮೀನು ಹೆಚ್ಚು ತಿನ್ನುವವನ ಎಲುಬಿಗೆ ಆ ಹಳೆಯ ಇಂಗಾಲವೇ ಸೇರುವುದರಿಂದ, ಪರೀಕ್ಷೆಯಲ್ಲಿ ಅವನು ಇದ್ದುದಕ್ಕಿಂತ ಹಿಂದಿನವನಾಗಿ ಕಾಣುತ್ತಾನೆ. ಆ ಎಲುಬಿನಲ್ಲಿದ್ದ ಇಂಗಾಲ ಮತ್ತು ಸಾರಜನಕದ ಪ್ರಮಾಣ ಮಾಂಸಾಹಾರ, ಅದರಲ್ಲೂ ಮೀನು, ಯಥೇಚ್ಛವಾಗಿ ಸಿಗುತ್ತಿದ್ದ ದೊಡ್ಡ ಮನೆತನದ ಊಟವನ್ನು ತೋರಿಸುತ್ತಿತ್ತು. ಅದಕ್ಕೆ ತಕ್ಕಂತೆ ಲೆಕ್ಕ ತಿದ್ದಿದಾಗ 1475ರಿಂದ 1530ರ ನಡುವಿನ ಕಾಲಕ್ಕೆ ಹೆಚ್ಚಿನ ಸಾಧ್ಯತೆ ಬಂತು. ಇದು ಉತ್ತರ ಬೇಕಾದಂತೆ ಬರಲೆಂದು ಮಾಡಿದ ತಿದ್ದುಪಡಿಯಲ್ಲ, ಮೀನು ತಿನ್ನುವ ಯಾವ ಸಮುದಾಯದ ಎಲುಬಿಗಾದರೂ ಮಾಡಲೇಬೇಕಾದದ್ದು. ಅಷ್ಟಕ್ಕೂ ರೇಡಿಯೋಕಾರ್ಬನ್ ಪರೀಕ್ಷೆ ಯಾರನ್ನೂ ಹೆಸರಿಸಲಾರದು. ಕಾಲ ಹೊಂದದಿದ್ದರೆ ತಳ್ಳಿಹಾಕಬಲ್ಲದು, ಹೊಂದಿದರೆ ಬಾಗಿಲು ತೆರೆದಿಡಬಲ್ಲದು, ಅಷ್ಟೇ.

ಈಗ ಡಿಎನ್‌ಎ. ಸಾವಿರಾರು ತಲೆಮಾರುಗಳಾದರೂ ಬೆರಕೆಯಾಗದೆ ಇಳಿದುಬರುವ ಎರಡು ಭಾಗಗಳು ನಮ್ಮಲ್ಲಿವೆ. ತಂದೆಯಿಂದ ಮಗನಿಗೆ ಮಾತ್ರ ಹೋಗುವ ವೈ ವರ್ಣತಂತು ಒಂದು, ತಾಯಿಯಿಂದ ಮಕ್ಕಳೆಲ್ಲರಿಗೂ ಬಂದು ಹೆಣ್ಣುಮಕ್ಕಳ ಮೂಲಕ ಮಾತ್ರ ಮುಂದುವರಿಯುವ ಮೈಟೊಕಾಂಡ್ರಿಯಾದ ಡಿಎನ್‌ಎ ಇನ್ನೊಂದು. ಎರಡನೆಯದು ನಡೆಯುವ ದಾರಿ ಕರಾವಳಿಯ ಅಳಿಯಸಂತಾನದ ಕುಟುಂಬದಂತೆಯೇ. ಗಂಡಸು ಆ ಕುಟುಂಬಕ್ಕೆ ಸೇರಿದವನು, ಆದರೆ ಅವನ ಮಕ್ಕಳು ಸೇರುವುದಿಲ್ಲ, ಅಕ್ಕತಂಗಿಯರ ಮಕ್ಕಳು ಸೇರುತ್ತಾರೆ. ಆದ್ದರಿಂದ ಹುಡುಕಬೇಕಾಗಿದ್ದದ್ದು ರಿಚರ್ಡ್‌ನ ಸಂತತಿಯನ್ನಲ್ಲ, ಅವನ ಅಕ್ಕ ಆ್ಯನ್‌ಳಿಂದ ಮಗಳು, ಮಗಳ ಮಗಳು ಎಂದು ಕಡಿಯದೆ ಇಳಿದುಬಂದ ಸಾಲನ್ನು. ಕೆನಡಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಪೀಠೋಪಕರಣ ಮಾಡುವ ಬಡಗಿಯೊಬ್ಬರ ತಾಯಿ ಅಂಥ ಸಾಲಿನವರೆಂದು ಆ್ಯಷ್‌ಡೌನ್-ಹಿಲ್ ಉತ್ಖನನಕ್ಕೆ ವರ್ಷಗಳ ಮೊದಲೇ ಪತ್ತೆಹಚ್ಚಿದ್ದರು. ಅದೊಂದೇ ಸಾಲದೆಂದು ವಿಶ್ವವಿದ್ಯಾಲಯದ ಕೆವಿನ್ ಶೂರರ್ ಆ ವಂಶಾವಳಿಯ ಒಂದೊಂದು ಕೊಂಡಿಯನ್ನೂ ಉಯಿಲು, ಚರ್ಚಿನ ದಾಖಲೆಗಳಲ್ಲಿ ಪರಿಶೀಲಿಸಿದ್ದಲ್ಲದೆ, ಅದೇ ಆ್ಯನ್‌ಳಿಂದ ಬೇರೆ ಕವಲಾಗಿ ಇಳಿದ ಮಹಿಳೆಯೊಬ್ಬರನ್ನೂ ಹುಡುಕಿ ತೆಗೆದರು. ತಳಿವಿಜ್ಞಾನಿ ಟೂರಿ ಕಿಂಗ್ ಅವರ ತಂಡ ಹಲ್ಲು ಮತ್ತು ತೊಡೆಯೆಲುಬಿನಿಂದ ತೆಗೆದ ಡಿಎನ್‌ಎಯ ಮೈಟೊಕಾಂಡ್ರಿಯಾ ಭಾಗವನ್ನು ಪೂರ್ತಿ ಓದಿದಾಗ, ಅದು ಬಡಗಿಯದರ ಜೊತೆ ಒಂದಕ್ಷರವೂ ಬಿಡದೆ ಹೊಂದಿತು. ಆ ಮಹಿಳೆಯದರ ಜೊತೆ ಹದಿನಾರು ಸಾವಿರಕ್ಕೂ ಹೆಚ್ಚು ಅಕ್ಷರಗಳಲ್ಲಿ ಒಂದೇ ಒಂದು ಬೇರೆಯಿತ್ತು, ಇಷ್ಟು ತಲೆಮಾರುಗಳಲ್ಲಿ ಅದು ಸಹಜ. ಆ ಬಗೆಯ ಡಿಎನ್‌ಎ ಊರೆಲ್ಲರಲ್ಲಿ ಇದ್ದಿದ್ದರೆ ಹೊಂದಿಕೆಗೆ ಬೆಲೆಯಿರುತ್ತಿರಲಿಲ್ಲ. ಅದು ಬಹಳ ವಿರಳವಾದದ್ದು. 26,000ಕ್ಕೂ ಹೆಚ್ಚು ಯುರೋಪಿಯನ್ನರ ಮಾದರಿಗಳಿದ್ದ ಸಂಗ್ರಹದಲ್ಲಿ ಅದಕ್ಕೆ ಜೋಡಿ ಸಿಗಲಿಲ್ಲ.

ವೈ ವರ್ಣತಂತು ಮಾತ್ರ ಕೈಕೊಟ್ಟಿತು. ರಿಚರ್ಡ್‌ನಿಗೆ ಬದುಕಿ ಉಳಿದ ಗಂಡು ಸಂತತಿಯಿಲ್ಲ. ಹಾಗಾಗಿ ಅವನ ಮುತ್ತಜ್ಜನ ತಂದೆಯಾದ ಮೂರನೆಯ ಎಡ್ವರ್ಡ್‌ವರೆಗೆ ಮೇಲೆ ಹೋಗಿ, ಅಲ್ಲಿಂದ ಇನ್ನೊಬ್ಬ ಮಗ ಜಾನ್ ಆಫ್ ಗಾಂಟ್‌ನ ಕವಲಿನಲ್ಲಿ ಹದಿನೆಂಟನೆಯ ಶತಮಾನದ ಬ್ಯೂಫೋರ್ಟ್ ಡ್ಯೂಕ್‌ವರೆಗೆ ಇಳಿದು, ಆ ಡ್ಯೂಕ್‌ನ ವಂಶದ ಐವರು ಗಂಡಸರ ಮಾದರಿ ತೆಗೆದುಕೊಂಡರು. ನಾಲ್ವರದು ಪರಸ್ಪರ ಹೊಂದಿತು, ಐದನೆಯವರದು ಅವರೊಂದಿಗೂ ಹೊಂದಲಿಲ್ಲ. ಐವರಲ್ಲಿ ಯಾರದೂ ಅಸ್ಥಿಯದರೊಂದಿಗೆ ಹೊಂದಲಿಲ್ಲ. ರಿಚರ್ಡ್‌ನಿಂದ ಆ ಡ್ಯೂಕ್‌ವರೆಗೆ 19 ಕೊಂಡಿಗಳಿವೆ. ದಾಖಲೆಯಲ್ಲಿ ತಂದೆಯೆಂದು ಬರೆದವನೇ ನಿಜವಾದ ತಂದೆಯಲ್ಲದಿರುವ ಸಂಭವ ತಲೆಮಾರಿಗೆ ನೂರಕ್ಕೆ ಒಂದೆಂದು ಇಟ್ಟುಕೊಂಡರೂ, 19 ಕೊಂಡಿಗಳಲ್ಲಿ ಎಲ್ಲಾದರೂ ಒಂದು ಕಡೆ ಹಾಗಾಗಿರುವ ಸಂಭವ ಸುಮಾರು ಆರರಲ್ಲಿ ಒಂದಾಗುತ್ತದೆ. ಇದು ಅಚ್ಚರಿಪಡುವಷ್ಟು ಸಣ್ಣದಲ್ಲ. ಕೊಂಡಿ ಎಲ್ಲಿ ತುಂಡಾಗಿದೆ ಎಂಬುದನ್ನು ಈ ಪರೀಕ್ಷೆಯಿಂದ ಹೇಳಲಾಗದು. ಸಿಂಹಾಸನಕ್ಕೆ ಹಕ್ಕು ಹೇಳಿದ ಯಾವ ಮನೆತನದ ಮೇಲೂ ಇದರಿಂದ ಅಪವಾದ ಹೊರಿಸುವಂತಿಲ್ಲ, ಪತ್ರಿಕೆಗಳು ಹೊರಿಸಲು ನೋಡಿದವು ಎಂಬುದು ಬೇರೆ ಮಾತು.

ನನಗೆ ಈ ಸಂಶೋಧನೆಯ ಮೇಲೆ ನಂಬಿಕೆ ಹುಟ್ಟಿಸಿದ ಸಂಗತಿ ಇಲ್ಲೇ ಇದೆ. 2014ರ ಡಿಸೆಂಬರ್‌ನಲ್ಲಿ ಅವರು ಪ್ರಕಟಿಸಿದ ಲೆಕ್ಕಾಚಾರದಲ್ಲಿ, ವೈ ವರ್ಣತಂತು ಹೊಂದದಿರುವುದನ್ನು ಬದಿಗೆ ಸರಿಸದೆ, ತಮ್ಮ ತೀರ್ಮಾನಕ್ಕೆ ವಿರುದ್ಧವಾದ ಸಾಕ್ಷ್ಯವೆಂದೇ ಸೇರಿಸಿಕೊಂಡರು. ಅದರ ಜೊತೆಗೆ ಕಾಲ, ವಯಸ್ಸು, ಲಿಂಗ, ಬೆನ್ನಿನ ಬಾಗು, ಯುದ್ಧದ ಗಾಯಗಳು, ಮೈಟೊಕಾಂಡ್ರಿಯಾದ ಹೊಂದಿಕೆ ಎಲ್ಲವನ್ನೂ ಕೂಡಿಸಿ, ಆರಂಭದಲ್ಲಿ ಸಂದೇಹವಾದಿಯ ಪಕ್ಷಕ್ಕೇ ಒಲವು ಕೊಟ್ಟು ತೂಗಿದರೂ, ಆ ಅಸ್ಥಿ ರಿಚರ್ಡ್‌ನದಾಗಿರುವ ಸಂಭವ ಶೇ. 99.999ಕ್ಕೆ ಬಂದು ನಿಂತಿತು. ಪ್ರವಾಸಿಗರಿಂದ ಲೆಸ್ಟರ್‌ಗೆ ಲಾಭವಾಗಿದೆ, ಅದರಲ್ಲಿ ಮುಚ್ಚುಮರೆಯಿಲ್ಲ. ಆದರೆ ಲಾಭಕ್ಕಾಗಿ ಕಥೆ ಕಟ್ಟುವವರು ತಮಗೆ ಒದಗದ ಪರೀಕ್ಷೆಯನ್ನು ಪ್ರಕಟಿಸುವುದಿಲ್ಲ.

ಇಂಥ ಸಾಕ್ಷ್ಯಗಳು ಎಲ್ಲೆಡೆ ಒಟ್ಟಿಗೆ ದೊರೆಯುವುದಿಲ್ಲ ಎಂಬುದಕ್ಕೆ ಎರಡು ಉದಾಹರಣೆ ಕೊಡುತ್ತೇನೆ. ಲೆಸ್ಟರ್‌ನ ಯಶಸ್ಸಿನ ಬೆನ್ನಲ್ಲೇ, 2013ರಲ್ಲಿ, ವಿಂಚೆಸ್ಟರ್‌ನ ಒಂದು ಹೆಸರಿಲ್ಲದ ಸಮಾಧಿಯನ್ನು ತೆರೆದು ಆಲ್ಫ್ರೆಡ್ ಮಹಾರಾಜನ ಎಲುಬು ಸಿಗುವುದೇ ಎಂದು ನೋಡಿದರು. ಅಲ್ಲಿದ್ದ ಎಲುಬುಗಳು ಅವನಿಗಿಂತ ಶತಮಾನಗಳಷ್ಟು ಈಚಿನವೆಂದು ತಿಳಿಯಿತು. ಆ ಊರಿನ ಸಂಗ್ರಹಾಲಯದ ಪೆಟ್ಟಿಗೆಯಲ್ಲಿ ಹಿಂದಿನ ಉತ್ಖನನದಿಂದ ಬಂದು ಬಿದ್ದಿದ್ದ ಸೊಂಟದೆಲುಬಿನ ತುಂಡೊಂದು ಕಾಲಕ್ಕೆ ಹೊಂದಿತಾದರೂ, ಅದು ಆಲ್ಫ್ರೆಡ್‌ನದೋ ಅವನ ಮಗ ಎಡ್ವರ್ಡ್‌ನದೋ ಎಂದು ಹೇಳಲು ದಾರಿಯಿಲ್ಲ. ಇನ್ನೊಂದು ಉದಾಹರಣೆ ನಮಗೆ ಹತ್ತಿರದ ಹಳೆಯ ಗೋವಾದ್ದು. ಜಾರ್ಜಿಯಾ ದೇಶದ ರಾಣಿ ಕೆಟೆವಾನ್ 1624ರಲ್ಲಿ ಪರ್ಷಿಯಾದ ಶಿರಾಜ್‌ನಲ್ಲಿ ಕೊಲೆಯಾದಮೇಲೆ, ಆಗಸ್ಟೀನಿಯನ್ ಪಾದ್ರಿಗಳು ಅವಳ ಅಸ್ಥಿಯ ಭಾಗವನ್ನು ಗೋವಾಕ್ಕೆ ತಂದಿದ್ದರು. ಅವರು ಯಾವ ಕಟ್ಟಡದಲ್ಲಿ ಇಟ್ಟರೆಂದು ಪೋರ್ಚುಗೀಸ್ ದಾಖಲೆಗಳಲ್ಲಿ ಇದ್ದದ್ದರಿಂದ ಭಾರತೀಯ ಪುರಾತತ್ವ ಸರ್ವೇಕ್ಷಣೆಗೆ ಅಲ್ಲಿ ತೋಳಿನೆಲುಬೊಂದು ಸಿಕ್ಕಿತು. ಹೈದರಾಬಾದಿನ ಸಿಸಿಎಂಬಿ (ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ) ಪ್ರಯೋಗಾಲಯ ಅದರ ಮೈಟೊಕಾಂಡ್ರಿಯಾ ಪರೀಕ್ಷಿಸಿ, ಭಾರತೀಯರ ಮಾದರಿಗಳಲ್ಲಿ ಕಾಣದ, ಜಾರ್ಜಿಯನ್ನರಲ್ಲಿ ಕಾಣುವ ಬಗೆ ಅದು ಎಂದು ತೋರಿಸಿತು. ರಾಣಿಯ ಹತ್ತಿರದ ಬಂಧುಗಳ ಮಾದರಿ ಇಲ್ಲದೆ ಡಿಎನ್‌ಎ ಹೇಳಬಲ್ಲದ್ದು ಈ ಎಲುಬು ಆ ದೇಶದವರದು ಎಂಬಷ್ಟೇ. ಹೆಸರು ಬಂದದ್ದು ದಾಖಲೆಯಿಂದ. ಅದನ್ನು 2021ರಲ್ಲಿ ಭಾರತ ಸರ್ಕಾರ ಜಾರ್ಜಿಯಾಕ್ಕೆ ಒಪ್ಪಿಸಿತು.

ಇನ್ನು ನಿಮ್ಮ ಗದ್ದುಗೆಗಳು. ದಹನ ಮಾಡುವ ಮನೆತನಗಳಲ್ಲಿ ಈ ಪ್ರಶ್ನೆಯೇ ಏಳದು. ವೀರಶೈವರಲ್ಲಿ ದೇಹವನ್ನು ಕುಳಿತ ಭಂಗಿಯಲ್ಲಿ ಸಮಾಧಿ ಮಾಡುವುದರಿಂದ ಎಲುಬು ಇರುವ ಸಾಧ್ಯತೆಯುಂಟು. ಆದರೂ ತೆರೆಯುವುದನ್ನು ನಾನು ಕೊನೆಯ ದಾರಿ ಎನ್ನುತ್ತೇನೆ, ಕಾರಣ ಭಾವನೆಯದಲ್ಲ. ದಾಯಾದಿಗಳಾದ ನಿಮಗೆ ಗಂಡು ಸಾಲು ಇರುವುದರಿಂದ ವೈ ವರ್ಣತಂತು ಹೋಲಿಸಬಹುದೆಂದು ಹುಡುಗರು ಎಣಿಸಿರಬೇಕು. ಆದರೆ ಒಂದು ಗದ್ದುಗೆಯಲ್ಲಿ ಮೂಲಪುರುಷರೂ ಇನ್ನೊಂದರಲ್ಲಿ ಅವರ ತಮ್ಮನೋ ಮಗನೋ ಇದ್ದರೆ ಎರಡೂ ಎಲುಬುಗಳ ವೈ ಒಂದೇ ಆಗಿರುತ್ತದೆ. ನಿಮ್ಮ ವ್ಯಾಜ್ಯ ಇರುವುದೇ ಅವರಲ್ಲಿ ಯಾರು ಯಾರೆಂಬುದರ ಬಗ್ಗೆ. ತಾಯಿಯ ಸಾಲಿನಿಂದ ಬಿಡಿಸೋಣವೆಂದರೆ ಮೂಲಪುರುಷರ ಅಕ್ಕತಂಗಿಯರ ಹೆಣ್ಣುಸಂತತಿ ಯಾವ ಯಾವ ಮನೆಗೆ ಹೋಯಿತೆಂದು ನಮ್ಮ ವಂಶಾವಳಿಗಳು ಬರೆದಿಡುವುದಿಲ್ಲ, ಸೋದರಸಂಬಂಧದ ಮದುವೆಗಳಲ್ಲಿ ಅದೇ ಸಾಲು ಮತ್ತೆ ಮನೆಗೇ ಮರಳಿಬರುವುದೂ ಉಂಟು. ಇದರ ಮೇಲೆ ಮಲೆನಾಡಿನ ಸೆಕೆ, ಮಳೆ, ಆಮ್ಲೀಯ ಕೆಂಪು ಮಣ್ಣು. ಲೆಸ್ಟರ್‌ನ ತಂಪಿನಲ್ಲಿ ಉಳಿದ ಡಿಎನ್‌ಎ ಇಲ್ಲಿ ಉಳಿದಿರುತ್ತದೆಂದು ಭರವಸೆ ಕೊಡಲಾರೆ. ಎಷ್ಟೋ ಸಲ ಎಲುಬೇ ಪುಡಿಯಾಗಿರುತ್ತದೆ. ಪರೀಕ್ಷೆಗೆ ಹಲ್ಲು ಅಥವಾ ಎಲುಬನ್ನು ಕೊರೆದು ಪುಡಿಮಾಡಲೇಬೇಕು, ಅದು ಮರಳಿ ಬಾರದು. ಒಳಗೆ ಏನೂ ಇಲ್ಲದಿರಬಹುದು ಎಂಬುದನ್ನೂ ಮನಸ್ಸಿನಲ್ಲಿಡಿ, ಒಬ್ಬರದೇ ಗದ್ದುಗೆ ಹಲವು ಊರುಗಳಲ್ಲಿ ಇರುವುದು ನಮ್ಮಲ್ಲಿ ಹೊಸದಲ್ಲ.

ಕಡಿಮೆ ಅಪಾಯದ ದಾರಿಗಳಿವೆ. ಜೀವಂತವಾಗಿರುವ ಎರಡೂ ಕಡೆಯ ಗಂಡಸರು ಎಂಜಲಿನ ಮಾದರಿ ಕೊಟ್ಟು, ನಿಮ್ಮ ಗಂಡು ಸಾಲು ನಿಜಕ್ಕೂ ಒಂದೇ ಹೌದೇ ಎಂದು ತಿಳಿದುಕೊಳ್ಳಬಹುದು. ಆದರೆ ಪಾಳೆಯಗಾರ ಮನೆತನಗಳಲ್ಲಿ ದತ್ತು ಸ್ವೀಕಾರ ಸಾಮಾನ್ಯವಾಗಿತ್ತು, ಬ್ಯೂಫೋರ್ಟ್ ವಂಶದಲ್ಲಿ ಆದಂಥ ತುಂಡು ನಿಮ್ಮಲ್ಲೂ ಕಾಣಿಸಬಹುದು. ಅದರಿಂದ ಆಸ್ತಿ, ಪೂಜೆಯ ಹಕ್ಕು, ಮನಸ್ಸು ಮೂರೂ ಕೆಡುವ ಅಪಾಯವಿದೆಯೇ ಎಂದು ಮೊದಲೇ ಕೂತು ಮಾತಾಡಿಕೊಳ್ಳಿ. ಇದಕ್ಕಿಂತ ಒಳ್ಳೆಯದು ಕಾಗದಪತ್ರ: ಮನೆಯ ಕಡತಗಳು, ಇನಾಂ ದಾಖಲೆಗಳು, ಊರೂರಿನ ಇತಿಹಾಸ ಬರೆದಿಟ್ಟ ಮೆಕೆಂಜಿ ಸಂಗ್ರಹದ ಕೈಫಿಯತ್ತುಗಳು, ಶಾಸನಗಳನ್ನು ಅಚ್ಚು ಹಾಕಿದ ಎಪಿಗ್ರಾಫಿಯಾ ಕರ್ನಾಟಿಕಾದ ಶಿವಮೊಗ್ಗ ಜಿಲ್ಲೆಯ ಎರಡು ಸಂಪುಟಗಳು. ಗದ್ದುಗೆಗೆ ಬಿಟ್ಟ ಉಂಬಳಿಯ ಒಂದು ಸಾಲು ಎಲ್ಲಾದರೂ ಸಿಕ್ಕರೆ, ಅದು ನಿಮ್ಮ ಮಟ್ಟಿಗೆ ಜಾನ್ ರೌಸ್‌ನ ವಾಕ್ಯದಷ್ಟೇ ಬೆಲೆಬಾಳುತ್ತದೆ. ನೆಲದೊಳಗೆ ರೇಡಾರ್ ಹಾಯಿಸಿ ನೋಡುವುದೂ ಇದೆ. ಅದು ಪೊಳ್ಳು ಕೋಣೆಯಿದೆಯೇ ಎಂದು ತೋರಿಸಬಹುದು, ಒಳಗಿರುವವರು ಯಾರೆಂದು ತೋರಿಸದು. ಲೆಸ್ಟರ್‌ನಲ್ಲಿ ಅಗೆಯುವ ಮೊದಲು ಅದನ್ನು ಮಾಡಿಸಿದ್ದರು, ಪ್ರಯೋಜನವಾಗಲಿಲ್ಲ.

ಇಷ್ಟರ ಮೇಲೂ ತೆರೆಸಲೇಬೇಕೆಂದು ಎರಡೂ ಕಡೆಯವರು ಒಪ್ಪಿದರೆ, ಎಲುಬು ಯಾರ ವಶದಲ್ಲಿರಬೇಕು, ಮತ್ತೆ ಎಲ್ಲಿ ಸಮಾಧಿಯಾಗಬೇಕು ಎಂಬುದನ್ನು ಗುದ್ದಲಿ ಹಾಕುವ ಮುಂಚೆ ಬರವಣಿಗೆಯಲ್ಲಿ ಇಡಿ. ರಿಚರ್ಡ್‌ನ ವಿಷಯದಲ್ಲಿ ಅಗೆಯುವ ಪರವಾನಗಿಯಲ್ಲೇ ಅದನ್ನು ಬರೆದಿದ್ದರೂ, ಯಾರ್ಕ್‌ನಲ್ಲಿ ಹೂಳಬೇಕೆಂದು ಅವನ ಬಂಧುಗಳೆಂದು ಹೇಳಿಕೊಂಡ ಗುಂಪೊಂದು ನ್ಯಾಯಾಲಯಕ್ಕೆ ಹೋಯಿತು. 2014ರ ಮೇ ತಿಂಗಳಲ್ಲಿ ಅದು ತಿರಸ್ಕೃತವಾಗಿ, 2015ರ ಮಾರ್ಚ್ 26ರಂದು, ಆ ಬಡಗಿ ಬಂಧುವೇ ಮಾಡಿದ ಓಕ್ ಮರದ ಪೆಟ್ಟಿಗೆಯಲ್ಲಿ ಅವನನ್ನು ಲೆಸ್ಟರ್‌ನಲ್ಲೇ ಮರುಸಮಾಧಿ ಮಾಡಿದರು. ನಿಮ್ಮಲ್ಲಿ ಗದ್ದುಗೆ ಸಂರಕ್ಷಿತ ಸ್ಮಾರಕವಾಗಿದ್ದರೆ ಇಲಾಖೆಯ ಅನುಮತಿಯಿಲ್ಲದೆ ಮುಟ್ಟುವಂತಿಲ್ಲ. ಆಗಿರದಿದ್ದರೂ, ಇನ್ನೊಬ್ಬರ ಭಾವನೆಗೆ ನೋವಾಗುವಂತೆ ಸಮಾಧಿಯನ್ನು ಕೆದಕುವುದು ದಂಡಾರ್ಹ ಅಪರಾಧ. ದಾಯಾದಿಗಳ ಪೂಜಾಸ್ಥಳಕ್ಕೆ ನಿಮ್ಮ ಹುಡುಗರು ಹಾರೆ ಹಿಡಿದು ಹೋದರೆ ವಿಷಯ ಎಲುಬಿನದಾಗಿ ಉಳಿಯದು, ಪೊಲೀಸ್ ಠಾಣೆಯದಾಗುತ್ತದೆ. ಮುಂದೆಂದಾದರೂ ಜೀರ್ಣೋದ್ಧಾರ ಮಾಡುವಾಗ ತಾನಾಗಿ ಎಲುಬು ಕಾಣಿಸಿಕೊಂಡರೆ, ಬರಿಗೈಯಲ್ಲಿ ಮುಟ್ಟಬೇಡಿ, ತೊಳೆಯಬೇಡಿ, ವಿಭೂತಿ ಕುಂಕುಮ ಹಚ್ಚಬೇಡಿ. ಇದ್ದಲ್ಲೇ ಬಿಟ್ಟು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆದು, ಒಣ ಬಟ್ಟೆ ಮುಚ್ಚಿ, ಮೈಸೂರಿನಲ್ಲಿರುವ ರಾಜ್ಯದ ಪುರಾತತ್ವ ಇಲಾಖೆಗೆ ಅದೇ ದಿನ ಬರೆದು ತಿಳಿಸಿ.